ಎಲ್ಲರನ್ನೂ ಕೇಳುತ್ತಿದ್ದ ಸಾಹೇಬರು

ನಮ್ಮ ಕಚೇರಿಯಲ್ಲಿ ನನ್ನ ಸ್ವಂತ ದನಿ ಹೇಗಿದೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನಗೂ ಅನುಮಾನವೇ. ಸೂಪರಿಂಟೆಂಡೆಂಟರು ಮೂಗಿನಲ್ಲಿ ಬೈಯುವುದು, ಕ್ಯಾಶಿಯರ್ ಮೇಡಂ ಫೋನಿನಲ್ಲಿ ಮಗನನ್ನು ಮುದ್ದು ಮಾಡುತ್ತಲೇ ನಮಗೆ ಕಣ್ಣು ಬಿಡುವುದು, ಬಸ್ ಕಂಡಕ್ಟರು ಒಂದೇ ಉಸಿರಿನಲ್ಲಿ 'ಧಾರವಾಡ ಧಾರವಾಡ' ಎಂದು ಕೂಗಿ ಕೊನೆಯ 'ಡ' ನುಂಗುವುದು, ಎಲ್ಲ ನನ್ನ ಬಾಯಲ್ಲಿವೆ. ನನ್ನದೊಂದನ್ನು ಬಿಟ್ಟು. ಹೆಣ್ಣು ನೋಡಲು ಹೋದಾಗ ಯಾವ ದನಿಯಲ್ಲಿ ಮಾತಾಡಬೇಕೆಂದು ತಿಳಿಯದೆ ಹುಡುಗಿಯ ಅಪ್ಪನ ದನಿಯಲ್ಲೇ ಉತ್ತರ ಕೊಟ್ಟು, ಅವಲಕ್ಕಿ ತಿಂದು ಎದ್ದು ಬಂದವನು ನಾನು. ಅಲ್ಲಿಂದ ಇನ್ನೂ ಸುದ್ದಿ ಬಂದಿಲ್ಲ.

ಕಳೆದ ತಿಂಗಳು ನಮ್ಮ ಹಳೆಯ ಸಾಹೇಬರು ತೀರಿಕೊಂಡರು. ಕಚೇರಿಯಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಮೌನಕ್ಕೆ ಎದ್ದು ನಿಲ್ಲುವ ಮೊದಲು ಸೂಪರಿಂಟೆಂಡೆಂಟರು (ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ) ನನ್ನ ಬಳಿ ಬಂದು ಕಿವಿಯಲ್ಲಿ ಹೇಳಿದರು: "ತಮ್ಮಾ, ಇವತ್ತೊಂದಿನ ಬಾಯಿಗೆ ಕೀಲಿ ಹಾಕು. ನೀ ಅವರ ದನಿ ತಗದೀ ಅಂದ್ರ ನಾ ಎಲ್ಲಾರ ಮುಂದ ಅತ್ತಬಿಡ್ತೇನಿ."

ಹಾಗಾಗಿ ಅಲ್ಲಿ ಸುಮ್ಮನಿದ್ದೆ. ಅಲ್ಲಿ ಬಿಡದ ಬಾಯನ್ನು ಇಲ್ಲಿ ಬಿಡುತ್ತಿದ್ದೇನೆ. ಸಾಹೇಬರ ಹೆಸರು ಬರೆಯುವುದಿಲ್ಲ. ಅದು ಒಮ್ಮೆ ಪೇಪರಿನಲ್ಲಿ ಬೇಕಾದ್ದಕ್ಕಿಂತ ದಪ್ಪ ಅಕ್ಷರದಲ್ಲಿ ಬಂದುಹೋಗಿದೆ. ಇಲಾಖೆಯ ಹೆಸರೂ ಬೇಡ. ಊರೂರಿನ ಹಾಸ್ಟೆಲುಗಳನ್ನು ನೋಡಿಕೊಳ್ಳುವ ಇಲಾಖೆ, ನಮ್ಮ ವಿಭಾಗಕ್ಕೆಲ್ಲ ಅವರೇ ದೊಡ್ಡ ಅಧಿಕಾರಿ ಎಂದರೆ ಸಾಕು.

ನಾನು ಗುಮಾಸ್ತನಾಗಿ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗಿರಮಿಟ್ಟು ತಿನ್ನುತ್ತ ಸಾಹೇಬರ ನಕಲು ಮಾಡುತ್ತಿದ್ದೆ. ಮಾತು ಶುರು ಮಾಡುವ ಮೊದಲು ಅವರು ಸಣ್ಣಗೆ ಕೆಮ್ಮಿ, ಕನ್ನಡಕವನ್ನು ಹಣೆಗೇರಿಸಿ, "ನೋಡ್ರಿ, ನನಗ ತಿಳೀಲಾರದ್ದು ಒಂದೈತಿ" ಎನ್ನುತ್ತಿದ್ದರು. ಅದನ್ನೇ ಹಿಗ್ಗಿಸಿ ತೋರಿಸುತ್ತಿದ್ದೆ. ಎದುರಿಗಿದ್ದವರ ನಗು ಒಮ್ಮೆಲೇ ನಿಂತಿತು. ನಕಲು ಮಾಡುವವನಿಗೆ ಅದಕ್ಕಿಂತ ಕೆಟ್ಟ ಸಪ್ಪಳ ಇನ್ನೊಂದಿಲ್ಲ. ತಿರುಗಿ ನೋಡಿದರೆ ಸಾಹೇಬರು ಚಹಾದ ಕಪ್ಪು ಹಿಡಿದು ನಿಂತಿದ್ದರು. ಕಪ್ಪನ್ನು ಮೇಜಿನ ಮೇಲಿಟ್ಟು ಹೋದರು.

"ಮುಗೀತು ನಿಂದು," ಎಂದರು ಕಾಕಾ. "ಪ್ರೊಬೇಷನ್‌ದಾಗ ಇದ್ದವ ನೀ. ಕೇಳೂದೂ ಇಲ್ಲ, ಮನಿಗೆ ಕಳಸ್ತಾರ."

ಮರುದಿನ ಮೆಮೋ ಬಂತು. ಅಧಿಕಾರಿಯ ಅನುಕರಣೆ ಮಾಡುವಾಗ ಅಧಿಕಾರಿ ಒಮ್ಮೆ ಕೆಮ್ಮುವಲ್ಲಿ ತಾವು ಮೇಲಿಂದ ಮೇಲೆ ಕೆಮ್ಮಿದ್ದೇಕೆ ಎಂಬುದಕ್ಕೆ ಲಿಖಿತ ವಿವರಣೆ ನೀಡತಕ್ಕದ್ದು. ಇದು ಚೇಷ್ಟೆಯೋ ಗಂಡಾಂತರವೋ ಎಂದು ಯಾರಿಗೂ ತಿಳಿಯಲಿಲ್ಲ. ನಾನು ಸಕಲ ದೇವರಿಗೆ ಹರಕೆ ಹೊತ್ತು, 'ಜನ ನಗಲಿ ಎಂಬ ದುರಾಸೆಯಿಂದ' ಎಂದು ಬರೆದು ಕೊಟ್ಟೆ. ಚೇಂಬರಿಗೆ ಕರೆದರು. ಕುರ್ಚಿ ತೋರಿಸಿದರು. ಎದ್ದು ಹೋಗಿ ಫ್ಯಾನು ಬಂದ್ ಮಾಡಿ ಬಂದು ಕೂತರು. ಚೈತ್ರದ ಬಿಸಿಲು, ಇಬ್ಬರೂ ಬೆವರುತ್ತಿದ್ದೆವು.

"ಫ್ಯಾನಿನ ಸಪ್ಪಳದಾಗ ಅರ್ಧ ಮಾತು ಹಾರಿ ಹೋಗ್ತಾವ. ಹೇಳಪಾ, ಇನ್ನೇನರ ಹೇಳೂದೈತಿ?"

"ಇಲ್ರಿ ಸರ."

ಅವರು ನನ್ನ ವಿವರಣೆಯನ್ನು ಮತ್ತೊಮ್ಮೆ ಓದಿ, ಕೆಳಗೆ ಒಂದು ಸಾಲು ಬರೆದು ನನ್ನತ್ತ ತಿರುಗಿಸಿದರು. ದನಿ ಸರಿಯಾಗಿದೆ, ಕೆಮ್ಮು ಹೆಚ್ಚಾಗಿದೆ, ತಿದ್ದಿಕೊಳ್ಳುವುದು. ಅಂದಿನಿಂದ ಅವರಿಗೆ ನಾನು 'ನಕಲಿ'ಯಾದೆ. "ಏ ನಕಲಿ, ಆ ಫೈಲ್ ತಗೊಂಬಾ."

ಯಾರ ಮೇಲೆ ದೂರು ಬಂದರೂ ಅವರದ್ದು ಇದೇ ಪದ್ಧತಿ. ಕಾರಿಡಾರಿನಲ್ಲಿ "ಇವತ್ತು ಯಾರದೋ ಫ್ಯಾನ್ ಬಂದ್ ಆತು?" ಎಂದು ಕೇಳಿದರೆ ಯಾರದೋ ವಿಚಾರಣೆ ನಡೆದಿದೆ ಎಂದರ್ಥ. ಒಮ್ಮೆ ಹಾಸ್ಟೆಲಿನ ಅಡುಗೆಯಾಕೆ ಮನೆಗೆ ಎಣ್ಣೆ ಒಯ್ದಳೆಂದು ದೂರು. ಕಾಕಾ ಫೈಲು ತಂದು, "ಕಣ್ಣಿಲೆ ನೋಡಿದವ್ರು ಅದಾರ್ರಿ. ಇದರಾಗ ಕೇಳೂದೇನೈತಿ, ಸಹಿ ಮಾಡ್ರಿ," ಎಂದರು. ಸಾಹೇಬರು ಆಕೆಯನ್ನು ಕರೆಸಿದರು. ಆಕೆ ಅತ್ತೆಯ ಮೊಣಕಾಲಿನಿಂದ ಶುರು ಮಾಡಿ, ಸತ್ತ ಆಡಿನ ಮೇಲೆ ಹಾದು, ಮೈದುನನ ಕುಡಿತಕ್ಕೆ ಬಂದು, ಕೊನೆಗೆ ಎಣ್ಣೆಗೆ ಬಂದಳು. ಹೌದು, ಒಯ್ದಿದ್ದೆ ಎಂದಳು. ಸಾಹೇಬರು ಅದಷ್ಟನ್ನೂ ಕೇಳಿ ಆಕೆಯ ಇನ್‌ಕ್ರಿಮೆಂಟ್ ತಡೆದರು. ಹೊರಗೆ ಬಂದವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಮಗೆ ಹೇಳಿದಳು: "ಶಿಕ್ಷಾ ಹಾಕಿದ್ರಪಾ. ಆದ್ರ ಕುರ್ಚಿ ಮ್ಯಾಲೆ ಕುಂದ್ರಿಸಿ ಹಾಕಿದ್ರು."

ಇದರ ಹಿಂದೆ ಏನೋ ದೊಡ್ಡ ಕಥೆ ಇರಬೇಕೆಂದು ನಾನು ಒಮ್ಮೆ ಕೆದಕಿದೆ. ಅವರದು ಉಪ್ಪಿನಬೆಟಗೇರಿಯ ಬೌದ್ಧ ಮನೆತನ, ಆ ಮನೆಯಲ್ಲಿ ಮೊದಲು ಅಧಿಕಾರಿ ಆದವರು.

"ಕುಂದ್ರಸೂದಕ್ಕ ಕಾರಣ ಐತಿ," ಎಂದರು. "ನಮ್ಮ ಮಂದಿ ಮತ್ತೊಬ್ಬರ ಅಂಗಳದಾಗ ನಿಂತ ಭಾಳ ವರ್ಷ ಮಾತಾಡ್ಯಾರ. ಕೇಳೂದಕ್ಕ ಏನೂ ಕಾರಣ ಇಲ್ಲೋ. ಕೇಳಲಿಲ್ಲ ಅಂದ್ರ ನನಗ ಗೊತ್ತಾಗೂದಿಲ್ಲ, ಅಷ್ಟ."

ನಾನು ದೊಡ್ಡ ಕಥೆಗೆ ಬಾಯಿ ತೆರೆದು ಕೂತವನು ಹಾಗೇ ಮುಚ್ಚಿಕೊಂಡೆ.

ಆಮೇಲೆ ಆ ವಿಡಿಯೋ ಬಂತು. ನಮ್ಮ ವಿಭಾಗದ ಒಂದು ಹಾಸ್ಟೆಲಿನ ತಟ್ಟೆಯಲ್ಲಿ ಹುಳ. ಯಾರೋ ಹುಡುಗ ಮೊಬೈಲಿನಲ್ಲಿ ಹಿಡಿದದ್ದು ಮಧ್ಯಾಹ್ನದ ಹೊತ್ತಿಗೆ ರಾಜ್ಯವೆಲ್ಲ ಸುತ್ತಿತು. ಟಿವಿಯವರು ಕೂಗಿದರು. ಮೇಲೆ ಕೂತವರಿಗೆ ಸಂಜೆಯೊಳಗೆ ಒಬ್ಬ ದೊಡ್ಡ ಅಧಿಕಾರಿಯ ತಲೆ ಬೇಕಾಯಿತು. ಸಾಹೇಬರ ಮೇಲೆ ಮೊದಲೇ ಒಂದು ತಕರಾರಿತ್ತು. ಹೆಣ್ಣುಮಕ್ಕಳ ಹಾಸ್ಟೆಲಿನ ಬೋರಿಗೆ ಅನುಮತಿ ಇಲ್ಲದೆ, ಟೆಂಡರ್ ಕರೆಯದೆ ಮೋಟಾರು ತರಿಸಿದ್ದರು. ಎರಡನ್ನೂ ಕೂಡಿಸಿ, ಅದರ ಮೇಲೆ 'ಹಣ ದುರುಪಯೋಗ' ಎಂಬ ಒಗ್ಗರಣೆ ಹಾಕಿ ಆದೇಶ ಹೊರಡಿಸಿದರು. ಅಮಾನತು ಅಲ್ಲ, ವಜಾ. ಇಲಾಖೆಯ ಕಾರ್ಯದರ್ಶಿಗಳೇ ಸಹಿ ಮಾಡಿದ್ದರು. ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲ ಎಂದು ಅದರಲ್ಲಿ ಒಂದು ಸಾಲಿತ್ತು. ಯಾಕೆ ಸಾಧ್ಯವಲ್ಲ ಎಂಬುದಿರಲಿಲ್ಲ.

ಆದೇಶ ತಂದವನನ್ನು ಸಾಹೇಬರು ಕೂರಿಸಿ ಚಹಾ ತರಿಸಿದರು. ಹಾಳೆಗಳನ್ನು ನಿಧಾನವಾಗಿ ಓದಿ ಕಾಕಾನ ಕೈಗೆ ಕೊಟ್ಟರು.

"ಎಲ್ಲಾ ಐತ್ರಿ ಇದರಾಗ. ನಾ ಏನಂದೆ ಅನ್ನೂದೊಂದಿಲ್ಲ."

ಕಾಕಾ ಕಾರು ತರಿಸಲೇ ಎಂದರು. "ಆ ಕಾರು ಈಗ ನಂದಲ್ರಿ," ಎಂದು ಟಿಫಿನ್ ಡಬ್ಬಿ ಹಿಡಿದು ಬಸ್ಸಿಗೆ ನಡೆದರು. ನಾನು ಜೊತೆಗೆ ಬಸ್ ನಿಲ್ದಾಣದವರೆಗೆ ಹೋದೆ. ನಗಿಸಲು ಒಂದೆರಡು ದನಿ ತೆಗೆದು ನೋಡಿದೆ. ಅವರು ಮರ್ಯಾದೆಗೆ ನಕ್ಕರು. ಅದು ಇನ್ನೂ ಕಷ್ಟವಾಯಿತು.

ವಜಾ ಎಂದರೆ ಪಿಂಚಣಿಯೂ ಹೋಯಿತು. ಆದರೆ ಅವರನ್ನು ಮೆತ್ತಗೆ ಮಾಡಿದ್ದು ಅದಲ್ಲ. ಬೈರಿದೇವರಕೊಪ್ಪದ ಅವರ ಓಣಿಯಲ್ಲಿ ಜನ ಹಾಲಿನವನನ್ನು ನಿಲ್ಲಿಸಿ, "ಖರೇನ ತಿಂದಾರಂತೇನು?" ಎಂದು ಕೇಳುತ್ತಿದ್ದರು. ಅವರ ಬಾಗಿಲು ಬಡಿದು ಅವರನ್ನೇ ಕೇಳಿದವರಿಲ್ಲ. ಊರಲ್ಲಿ ಒಂದು ಮದುವೆಗೆ ಹೋದಾಗ ಸ್ವಂತ ದೊಡ್ಡಪ್ಪನ ಮಗನೇ ಊಟದ ಪಂಕ್ತಿಯಲ್ಲಿ, "ನಮ್ಮ ಮಂದ್ಯಾಗ ಒಬ್ಬ ಮ್ಯಾಲೆ ಹತ್ತಿದ್ದ. ಅವನೂ ಹಿಂಗ ಮಾಡಿದ," ಎಂದನಂತೆ. ಇದನ್ನು ನನಗೆ ಹೇಳಿದವರು ಅವರ ಹೆಂಡತಿ. ಸರಕಾರಿ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು, ಹಾಗಾಗಿ ಎಲ್ಲರಿಗೂ ಅಕ್ಕೋರು. "ಬೈದಿದ್ರ ಇಷ್ಟು ಹತ್ತತಿದ್ದಿಲ್ಲಪಾ ಅವರಿಗೆ. ಅವನರ ಒಂದ ಮಾತು ಕೇಳಬೇಕಿತ್ತು ಅಂತ ಎರಡ ದಿನ ಉಣಲಿಲ್ಲ."

ಸಾಹೇಬರು ನ್ಯಾಯಮಂಡಳಿಗೆ ಹೋದರು. ಅದು ಎಳೆದಾಡಿ ಎಳೆದಾಡಿ, ಕೊನೆಗೆ ತೀರ್ಪು ಬಂತು. ಕೇಳದೆ ವಜಾ ಮಾಡಿದ್ದು ತಪ್ಪು, ಆ ಆದೇಶ ರದ್ದು, ಬೇಕಾದರೆ ಸರಿಯಾಗಿ ದೋಷಾರೋಪ ಕೊಟ್ಟು ವಿಚಾರಣೆ ಮಾಡಿ. ಇಲಾಖೆ ವಿಚಾರಣೆ ಮಾಡುತ್ತೇವೆ ಎಂದಿತು. ಅವರ ವಕೀಲರು ಬುದ್ಧಿ ಹೇಳಿದರು. ನಿವೃತ್ತಿ ಹತ್ತಿರ ಇದೆ, ಆರೋಗ್ಯ ಸರಿ ಇಲ್ಲ ಎಂದು ಅರ್ಜಿ ಹಾಕುತ್ತ ದಿನ ದೂಡಿರಿ, ಅದರಷ್ಟಕ್ಕೆ ಅದು ತಣ್ಣಗಾಗುತ್ತದೆ.

"ಕೇಳ್ರಿ ಕೇಳ್ರಿ ಅಂತ ಹೊಡದಾಡಿದಾವ ನಾನ," ಎಂದರು ಸಾಹೇಬರು. "ಈಗ ಕೇಳ್ತೇವಿ ಬಾ ಅಂದ್ರ ಓಡಿ ಹೋಗ್ಲೇನ್ರಿ?"

ಇಲಾಖಾ ವಿಚಾರಣೆಯಲ್ಲಿ ಆರೋಪ ಹೊತ್ತವರ ಪರವಾಗಿ ಇನ್ನೊಬ್ಬ ನೌಕರ ಸಹಾಯಕನಾಗಿ ಕೂರಬಹುದು, ಸಾಕ್ಷಿಗಳಿಗೆ ಪ್ರಶ್ನೆ ಹಾಕಬಹುದು. ಸಾಹೇಬರು ಯಾರನ್ನೂ ಒತ್ತಾಯಿಸಲಿಲ್ಲ. ಕೇಳಿದವರಿಗೆಲ್ಲ ಅದೇ ವಾರ ಬೆನ್ನುನೋವು ಬಂತು, ಮನೆದೇವರಿಗೆ ಹೋಗುವುದಿತ್ತು. ಉಳಿದವನು ನಾನು. ಧೈರ್ಯ ಎಂದು ದಯವಿಟ್ಟು ತಿಳಿಯಬೇಡಿ. ತಯಾರಿ ಭಾನುವಾರ ಅವರ ಮನೆಯಲ್ಲಿ ಎಂದರು, ಆ ಮನೆಯ ಎಣ್ಣೆಗಾಯಿ ನನಗೆ ಗೊತ್ತಿತ್ತು.

ತಯಾರಿ ಅಂದರೆ ನಾಟಕವೇ. ನಾನೇ ವಿಚಾರಣಾಧಿಕಾರಿ, ನಾನೇ ಇಲಾಖೆಯ ಪರ ವಾದಿಸುವವನು, ನಾನೇ ಸಾಕ್ಷಿ. ಸೋಫಾದಿಂದ ಸ್ಟೂಲಿಗೆ, ಸ್ಟೂಲಿನಿಂದ ಸೋಫಾಕ್ಕೆ ಹಾರಿ ನನಗೇ ನಾನು ಪ್ರಶ್ನೆ ಹಾಕಿ ನನಗೇ ಸಿಟ್ಟಾಗುತ್ತಿದ್ದೆ. ಅಕ್ಕೋರು ಬದನೆಕಾಯಿ ಸೀಳುವುದನ್ನು ಬಿಟ್ಟು ನೋಡುತ್ತಿದ್ದರು. ಇಲಾಖೆಯ ಮುಖ್ಯ ಸಾಕ್ಷಿ ನಮ್ಮ ಕಾಕಾ. ಅವರನ್ನು ನಾನು ಮೀಸೆ ತಿರುವುವ, ಕಣ್ಣು ಕಿರಿದು ಮಾಡುವ ಖಳನ ಹಾಗೆ ಆಡಿ ತೋರಿಸಿದೆ.

"ತಪ್ಪು ಮಾಡಾಕತ್ತಿ," ಎಂದರು ಸಾಹೇಬರು. "ಕಾಕಾಗ ನನ್ನ ಮ್ಯಾಲೆ ಸಿಟ್ಟಿಲ್ಲ. ಅಂಜಿಕಿ ಐತಿ. ಮಗಳ ಲಗ್ನ ಹತ್ರ ಬಂದೈತಿ ಅವರದು. ಅಂಜಿಕಿ ಹಾಕಿ ಮಾಡು."

ಅಂಜಿಕೆ ಹಾಕಿ ಮಾಡಿದೆ. ದನಿ ತಟ್ಟನೆ ಕಾಕಾನದೇ ಆಯಿತು. ಇಷ್ಟು ವರ್ಷ ಅವರ ಮೂಗನ್ನಷ್ಟೇ ಹಿಡಿದಿದ್ದೆ.

ಆಮೇಲೆ ವಜಾಕ್ಕೆ ಸಹಿ ಹಾಕಿದ ಕಾರ್ಯದರ್ಶಿಗಳ ಸರದಿ. ಅವರನ್ನು ನಾನು ಟಿವಿಯಲ್ಲಿ ಮಾತ್ರ ನೋಡಿದ್ದೆ. ದವಡೆಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡಂತೆ ಮಾತಾಡಿ ತೋರಿಸಿದೆ. ಅಕ್ಕೋರು ಸೆರಗು ಬಾಯಿಗೆ ಹಿಡಿದು ನಕ್ಕರು. ಸಾಹೇಬರೂ ನಕ್ಕರು, ನಕ್ಕು, "ನೀ ಅವರನ್ನ ಕಂಡ ಇಲ್ಲಲ್ಲೋ," ಎಂದರು.

"ನಿಮ್ಮನ್ನ ಅವರು ಕಂಡಿದ್ರೇನ್ರಿ ಸರ?"

"ಅದಕ್ಕ ಅವರದು ತಪ್ಪಾತಲ್ಲ," ಎಂದರು.

ವಿಚಾರಣೆ ಒಂದು ಅತಿಥಿಗೃಹದ ಹಾಲಿನಲ್ಲಿ ನಡೆಯಿತು. ವಿಚಾರಣಾಧಿಕಾರಿ ನಿವೃತ್ತ ನ್ಯಾಯಾಧೀಶರು, ಮಾತು ಕಡಿಮೆ, ಪೆನ್ನು ಜಾಸ್ತಿ. ಹಣ ತಿಂದ ಆರೋಪಕ್ಕೆ ಇಲಾಖೆಯ ಬಳಿ ಬೊಗಳೆ ಬಿಟ್ಟರೆ ಏನೂ ಇರಲಿಲ್ಲ. ಉಳಿದದ್ದು ಮೋಟಾರು. ಕಾಕಾ ಸಾಕ್ಷಿ ಕುರ್ಚಿಯಲ್ಲಿ ಮೊಣಕಾಲು ಜೋಡಿಸಿ ಕೂತಿದ್ದರು. ನಾನು ವಕೀಲರ ಗತ್ತಿನಲ್ಲಿ ಎದ್ದೆ. ಯಾವ ವಕೀಲರ ಗತ್ತು ಎಂದು ಕೇಳಬೇಡಿ, ಅವರು ಈ ಊರಿನವರೇ.

"ಮೋಟಾರ್ ತರಿಸೂಕಿಂತ ಮೊದಲ ಸಾಹೇಬರು ಬೆಂಗಳೂರಿಗೆ ಫೋನ್ ಮಾಡಿ ಅನುಮತಿ ಕೇಳಿದ್ರು. ಹೌದೋ ಅಲ್ಲೋ?"

"ಹೌದ್ರಿ. ಕೇಳಿದ್ರು. ಆದ್ರ..."

"ಸಾಕ್ರಿ," ಎಂದು ನಾನು ಗೆದ್ದವನಂತೆ ಕೂತೆ. ಅಷ್ಟು ದಾಖಲಾದರೆ ನಮಗೆ ಬೇಕಾದಷ್ಟಾಗಿತ್ತು.

ಪಕ್ಕದಿಂದ ಸಣ್ಣ ಕೆಮ್ಮು ಕೇಳಿತು. ಕನ್ನಡಕ ಹಣೆಗೇರಿತು.

"ಅವರು 'ಆದ್ರ' ಅಂದಾರ," ಎಂದರು ಸಾಹೇಬರು. "ಮುಗಿಸಲಿ ಬಿಡು."

ನಾನು ಮೇಜಿನ ಕೆಳಗೆ ಅವರ ಅಂಗಿಯ ತುದಿ ಜಗ್ಗಿದೆ. ಪ್ರಯೋಜನವಾಗಲಿಲ್ಲ. ವಿಚಾರಣಾಧಿಕಾರಿಗಳು ತಲೆ ಎತ್ತಿ ಕಾಕಾನಿಗೆ ಮುಂದುವರಿಸಲು ಹೇಳಿದರು. ಕಾಕಾ ನಮ್ಮ ಕಡೆ ನೋಡದೆ, ಅಂಜಿಕೆಯ ದನಿಯಲ್ಲೇ ಮುಗಿಸಿದರು: "ಆದ್ರ ಆ ಕಡಿಂದ ಬ್ಯಾಡ ಅಂದ್ರು, ಟೆಂಡರ್ ಕರೀರಿ ಅಂದ್ರು. ಸಾಹೇಬರು ಫೋನ್ ಇಟ್ಟು, ಪರೀಕ್ಷಾ ಬಂದಾವ, ಹುಡುಗ್ಯಾರು ಕೊಡ ಹೊತ್ಗೊಂಡು ಎಷ್ಟು ದಿನ ಅಡ್ಡಾಡಬೇಕ್ರಿ ಅಂದ್ರು. ಮರುದಿನ ಮೋಟಾರ್ ಬಂತು."

ಪೆನ್ನು ಅದಷ್ಟನ್ನೂ ಬರೆದುಕೊಂಡಿತು. ಬೇಡ ಎಂದಮೇಲೂ ತರಿಸಿದರು ಎಂಬುದು ಸಾಹೇಬರ ಪುಣ್ಯದಿಂದಲೇ ರುಜುವಾತಾಯಿತು. ಆರೋಪ ಹೊತ್ತವನೇ ತನ್ನ ವಿರುದ್ಧದ ಸಾಕ್ಷಿಯನ್ನು ಪೂರ್ತಿ ಮಾಡಿಸಿದ ಪ್ರಕರಣ ಬೇರೆಲ್ಲಾದರೂ ನಡೆದಿದ್ದರೆ ನನಗೆ ತಿಳಿಸಿ, ಆ ಸಹಾಯಕನ ಜೊತೆ ಕೂತು ಅಳುತ್ತೇನೆ.

ಕೊನೆಗೆ ವಿಚಾರಣಾಧಿಕಾರಿಗಳು, "ನಿಮ್ಮದೇನಾದರೂ ಹೇಳುವುದಿದೆಯೇ?" ಎಂದರು. ಈ ಒಂದು ಪ್ರಶ್ನೆಗಾಗಿ ಆ ಮನುಷ್ಯ ವರ್ಷಗಟ್ಟಲೆ ಕಾದಿದ್ದರು. ನಾವು ಭಾನುವಾರಗಳಲ್ಲಿ ತಯಾರಿಸಿದ ಉತ್ತರ ಪುಟಗಟ್ಟಲೆ ಇತ್ತು. ಸಾಹೇಬರು ಎದ್ದು ನಿಂತು ಅದನ್ನೆಲ್ಲ ಬಿಟ್ಟುಬಿಟ್ಟರು.

"ಮೋಟಾರ್ ನಾನ ತರಿಸೇನ್ರಿ. ಹುಳ ಬಂತಲ್ಲ, ಆ ಹಾಸ್ಟೆಲ್‌ಗೆ ಆ ತಿಂಗಳು ನಾ ಹೋಗಬೇಕಾಗಿತ್ತು, ಹೋಗಿದ್ದಿಲ್ಲ. ರೊಕ್ಕ ಮುಟ್ಟಿಲ್ಲ. ಇಷ್ಟರಿ."

ಹೊರಗೆ ಬಂದು ಗಾಡಿಯ ಚಹಾ ಹಿಡಿದು ಅರ್ಧವನ್ನು ತಟ್ಟೆಗೆ ಸುರಿದುಕೊಂಡರು.

"ಎಲ್ಲಾ ಹೇಳಿದ್ನೇನೋ ನಕಲಿ?"

"ಏನೂ ಹೇಳಲಿಲ್ರಿ ಸರ ನೀವು. ಎಲ್ಲಾ ಕೆಡಿಸಿದ್ರಿ."

"ಹಾಂ, ಇರಲಿ ಬಿಡು," ಎಂದು ತಟ್ಟೆಯ ಚಹಾ ಕುಡಿದರು. ಅಷ್ಟು ಹಗುರಾಗಿ ಅವರು ನಿಂತದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಆದೇಶ ಬಂತು. ಹಣದ ಆರೋಪ ಬಿದ್ದುಹೋಗಿತ್ತು. ಮೋಟಾರಿನದು ಸಾಬೀತಾಗಿತ್ತು, ಅದಕ್ಕೆ ವಾಗ್ದಂಡನೆ. ಹೀಗೆ ಮಾಡಬಾರದಿತ್ತು ಎಂದು ಸೇವಾ ಪುಸ್ತಕದಲ್ಲಿ ಬರೆಯುವ ಶಿಕ್ಷೆ. ನೌಕರಿ ಉಳಿಯಿತು, ಪಿಂಚಣಿಯೂ ಉಳಿಯಿತು. ನಿವೃತ್ತಿಗೆ ಉಳಿದಿದ್ದ ಕೆಲವು ವಾರ ಅವರು ಮತ್ತೆ ಬಂದು ಅದೇ ಚೇಂಬರಿನಲ್ಲಿ ಕೂತರು. ಮೊದಲ ದಿನವೇ ಪೇಡೆ ಹಂಚಿದರು. ವಾಗ್ದಂಡನೆಗೆ ಪೇಡೆ ಹಂಚಿದ ಅಧಿಕಾರಿ ಧಾರವಾಡ ಜಿಲ್ಲೆಗೂ ಹೊಸಬರು. ಕಾಕಾ ಪೇಡೆ ಹಿಡಿದು ತಿನ್ನಲಾರದೆ ನಿಂತಿದ್ದರು.

"ನನ್ನ ಮಾತಿಂದ ಆ ಷರಾ ಬಿತ್ರಿ ಸರ ನಿಮ್ಮ ಸೇವಾ ಪುಸ್ತಕದಾಗ."

"ಖರೇ ಮಾತ ಅಲ್ಲೇನ್ರಿ ಅದು? ತಿನ್ರಿ," ಎಂದರು ಸಾಹೇಬರು. "ಮೊದಲ ಸಲ ಸುಳ್ಳು ಬರದಿದ್ರು, ಕೇಳದ. ಈ ಸಲ ಕೇಳಿ ಬರದಾರ. ಮಗಳ ಲಗ್ನ ಎಂದೈತ್ರಿ?"

ಅವರು ನಿವೃತ್ತರಾದ ಮೇಲೂ ಎಣ್ಣೆಗಾಯಿಯ ನೆಪದಲ್ಲಿ ನಾನು ಆಗಾಗ ಬೈರಿದೇವರಕೊಪ್ಪಕ್ಕೆ ಹೋಗುತ್ತಿದ್ದೆ. ಅವರು ತೀರಿಕೊಳ್ಳುವ ಕೆಲವು ದಿನ ಮೊದಲು, ಒಂದು ಬೆಳಿಗ್ಗೆ ಟಿವಿಯಲ್ಲಿ ಸುದ್ದಿ ಬಂತು. ಆ ಕಾರ್ಯದರ್ಶಿಗಳನ್ನು ಯಾವುದೋ ಗದ್ದಲದಲ್ಲಿ ರಾತ್ರೋರಾತ್ರಿ ಹುದ್ದೆಯಿಂದ ಕಿತ್ತುಹಾಕಿದ್ದರು. ನಾನು ತಿಂಡಿಯನ್ನೂ ತಿನ್ನದೆ ಬೈಕು ಹತ್ತಿದೆ. ದಾರಿಯುದ್ದಕ್ಕೂ ಬಿಸಿ ಬಟಾಟೆಯ ದನಿ ತಾಲೀಮು ಮಾಡಿದೆ. ಸಿಗ್ನಲಿನಲ್ಲಿ ಪಕ್ಕದ ಆಟೋದವನು ಮೀಟರು ಬಿಟ್ಟು ನನ್ನನ್ನೇ ನೋಡಿದ.

ಬಾಗಿಲಲ್ಲೇ ಶುರು ಮಾಡಿದೆ. ಅಕ್ಕೋರು ನಕ್ಕರು. ಸಾಹೇಬರು ನಗಲಿಲ್ಲ.

"ಅವರನ್ನ ಕೇಳಿದ್ರಂತೇನು?"

"ಯಾರನ್ರಿ?"

"ಅವರನ್ನೋ. ತಗಿಯೂಕಿಂತ ಮೊದಲ."

"ಎಲ್ಲಿ ಕೇಳ್ತಾರ್ರಿ ಸರ. ಟಿವಿ ನೋಡಿ ಗೊತ್ತಾಗಿರಬೇಕು ಅವರಿಗೆ." ನನಗೆ ಸಿಟ್ಟು ಬಂತು. "ನಿಮಗ ಅಷ್ಟು ಮಾಡಿದ್ರು. ಒಂದ ದಿನ ಖುಷಿ ಪಡ್ರಲಾ."

"ಪಡೋಣಂತ. ನಂಬರ್ ಹುಡುಕಿ ಕೊಡು."

ನಂಬರು ಸಿಗುವುದಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಆ ಮುಖದ ಮುಂದೆ ಆಗಲಿಲ್ಲ. ಇಲಾಖೆಯ ಗೆಳೆಯನೊಬ್ಬನಿಂದ ತರಿಸಿ ಹಚ್ಚಿಕೊಟ್ಟೆ. ಆ ಕಡೆ ಎತ್ತಿದರು. ಸಾಹೇಬರು ತಮ್ಮ ಹೆಸರು ಹೇಳಿದರು. ಯಾಕೆ ಫೋನು ಮಾಡಿದಿರಿ ಎಂದು ಆ ಕಡೆಯವರು ಕೇಳಿರಬೇಕು.

"ಇಲ್ರಿ, ಮತ್ತೇನಿಲ್ಲ," ಎಂದರು ಸಾಹೇಬರು. "ಏನಾತು ಅಂತ ಕೇಳೂಣು ಅಂತ ಹಚ್ಚೇನಿ. ನೀವ ಹೇಳ್ರಿ."

ಆ ಕಡೆ ಮಾತು ಶುರುವಾಯಿತು. ಮೊದಲು ತಡವರಿಸುತ್ತ, ಆಮೇಲೆ ಒಡ್ಡು ಒಡೆದ ಹಾಗೆ. ಏನೆಂದು ನನಗೆ ಕೇಳಿಸುತ್ತಿರಲಿಲ್ಲ. ಸಾಹೇಬರು ಕಿಟಕಿಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, "ಹೂಂ" ಎನ್ನುತ್ತಿದ್ದರು. ಸ್ವಲ್ಪ ಬಿಟ್ಟು ಮತ್ತೊಂದು "ಹೂಂ." ಅಕ್ಕೋರು ಉಪ್ಪಿಟ್ಟಿನ ತಾಟು ತಂದು ಮುಂದಿಟ್ಟರು, ಆರುತ್ತದೆ ಎಂದು ಸನ್ನೆ ಮಾಡಿದರು. ಸಾಹೇಬರು ಕೈ ಎತ್ತಿ ತಡೆದರು. ನಾನು ಕಾದೆ, ನನ್ನದನ್ನು ತಿಂದೆ, ಕಚೇರಿಗೆ ಹೊತ್ತಾಯಿತೆಂದು ಎದ್ದೆ. ಅಕ್ಕೋರು ಹೊಸ್ತಿಲತನಕ ಬಂದು ಕಳಿಸಿದರು. ಸಾಹೇಬರನ್ನು ನಾನು ಕಡೆಯ ಬಾರಿ ನೋಡಿದ್ದು ಹಾಗೆ, ಫೋನು ಕಿವಿಗೆ ಹಿಡಿದು ಕೂತದ್ದು.

ಅವರ ಎಲ್ಲ ಮಾತನ್ನೂ ನಾನು ಈಗಲೂ ತೆಗೆಯಬಲ್ಲೆ. ಆ "ಹೂಂ" ಮಾತ್ರ ಬರುವುದಿಲ್ಲ. ಒಬ್ಬನೇ ಕೂತು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಅದು ಬರಬೇಕಾದರೆ ಆ ಕಡೆ ಒಬ್ಬರು ಮಾತಾಡುತ್ತಿರಬೇಕು.